ಎಂಟು ತುಂಡು

ಜೆಪ್ಪು ಮಾರ್ಕೆಟಿನ ಎದುರು ನನ್ನ ಸೆಲೂನು.
ಎರಡು ಕುರ್ಚಿ, ಒಂದು ಬೆಂಚು, ಗೋಡೆಯುದ್ದ ಕನ್ನಡಿ.
ಬೆಳಿಗ್ಗೆ ಮೊದಲ ಕೆಲಸ, ನಿನ್ನೆಯ ಪೇಪರನ್ನು
ಮಡಚಿ, ಮತ್ತೆ ಮಡಚಿ, ಇನ್ನೊಮ್ಮೆ ಮಡಚಿ
ಹಳೆಯ ಬ್ಲೇಡಿನಿಂದ ಸೀಳುವುದು: ಹಾಳೆಗೆ ಎಂಟು ತುಂಡು.
ಕತ್ತಿಯ ನೊರೆ ಒರೆಸಲಿಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.
ಅಪ್ಪ ಹೇಳುತ್ತಿದ್ದರು: ಮುಖಪುಟ ನೀರು ಹೀರುವುದಿಲ್ಲ,
ಬಣ್ಣ ಜಾಸ್ತಿ. ಮರಣದ ಪುಟ ಒಳ್ಳೆಯದು.
ಎಷ್ಟು ಮಂತ್ರಿಗಳ ಮೂಗಿನ ಮೇಲೆ
ಯಾರಯಾರದೋ ಬಿಳಿ ಕೂದಲು ಇಳಿಸಿದ್ದೇನೆ, ಲೆಕ್ಕವಿಲ್ಲ.

ಟಿವಿ ಬಂದದ್ದು ಹನ್ನೊಂದು ವರ್ಷದ ಹಿಂದೆ.
ಜಾಗ ಸಿಕ್ಕಿದ್ದು ಗಿರಾಕಿಯ ಬೆನ್ನ ಹಿಂದೆ,
ಹಾಗಾಗಿ ಎಲ್ಲರೂ ನೋಡುವುದು ಕನ್ನಡಿಯಲ್ಲಿ.
ಅಲ್ಲಿ ಸುದ್ದಿಯ ಪಟ್ಟಿ ಎಡದಿಂದ ಬಲಕ್ಕೆ ಓಡುತ್ತದೆ,
ಒತ್ತಕ್ಷರ ಎಡಗಡೆ ಜೋತಿರುತ್ತದೆ,
ದೀರ್ಘ ಬೆನ್ನು ತಿರುಗಿಸಿ ಕೂತಿರುತ್ತದೆ.
ಮೊದಮೊದಲು ತಲೆ ತಿರುಗುತ್ತಿತ್ತು. ಈಗ
ನೆಟ್ಟಗಿನ ಕನ್ನಡ ಓದುವುದೇ ನಿಧಾನ.
ಬೆಂಚಿನ ಸಿಪ್ರಿಯನ್ ಪೊರ್ಬುಗಳು ಮಾತ್ರ
ಟಿವಿಯನ್ನು ಟಿವಿಯಲ್ಲೇ ನೋಡುವವರು.
ಅವರ ಎಡ ನಮಗೆ ಬಲ. ಜಗಳ ಇದ್ದದ್ದೇ.

ಅವತ್ತು ಬುಧವಾರ. ಮಂಗಳವಾರದ ರಜೆಯ ಗಡ್ಡವೆಲ್ಲ
ಒಟ್ಟಿಗೆ ಬಂದಿತ್ತು. ಕುರ್ಚಿಯಲ್ಲಿ ಹಸನಬ್ಬ,
ಬಂದರಿನಲ್ಲಿ ಒಣಮೀನಿನ ಲೆಕ್ಕ ಬರೆಯುವವ,
ಹದಿನೈದು ದಿನಕ್ಕೊಮ್ಮೆ ಬಂದು ಗಡ್ಡಕ್ಕೆ ಗೆರೆ ಎಳೆಸಿಕೊಳ್ಳುವವ.
ಒಂದು ಬದಿ ಮುಗಿದಿತ್ತು. ಗಲ್ಲ ಮೇಲೆತ್ತಿ
ಗಂಟಲಿಗೆ ಕತ್ತಿ ಇಟ್ಟಿದ್ದೆ. ಆಗ ಕನ್ನಡಿಯಲ್ಲಿ
ಕೆಂಪು ಪಟ್ಟಿ, ಉಲ್ಟಾ ಅಕ್ಷರ:
ಮಂಗಳೂರು ಉದ್ವಿಗ್ನ.

ಯಾವ ಮಂಗಳೂರು ಮಾರಾಯ, ಅಂದೆ.
ಹೊರಗೆ ಲೋಲಾಕ್ಷಿ ಬಸಳೆಯ ಕಟ್ಟಿಗೆ
ನೀರು ಚಿಮುಕಿಸುತ್ತಿದ್ದಳು. ಕಂಡಕ್ಟರ್ ಬಸ್ಸಿನ ತಗಡು ಬಡಿದು
ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಎಂದು ಕೂಗುತ್ತಿದ್ದ.

ಹಸನಬ್ಬ ನಗಲಿಲ್ಲ. ನಗುವ ಹಾಗೂ ಇರಲಿಲ್ಲ,
ಕತ್ತಿ ಇತ್ತಲ್ಲ.
ಕನ್ನಡಿಯಲ್ಲಿ ನಾನು ಅವನನ್ನು ನೋಡಿದೆ, ಅವನು ನನ್ನನ್ನು.
ನಮ್ಮಿಬ್ಬರ ತಲೆಯ ನಡುವೆ ಆ ಪಟ್ಟಿ ಓಡುತ್ತಲೇ ಇತ್ತು.
ಇಪ್ಪತ್ತೆರಡು ವರ್ಷದಿಂದ ಆ ಗಂಟಲು ನನಗೆ ಗೊತ್ತು,
ಎಲ್ಲಿ ಸುಳಿ, ಎಲ್ಲಿ ಮಚ್ಚೆ, ಎಲ್ಲಿ ಚರ್ಮ ತೆಳು.
ಅವನು ಉಗುಳು ನುಂಗಿದ.
ಗಂಟಲಿನ ಗಂಟು ಕತ್ತಿಯ ಅಡಿಯಲ್ಲಿ
ಮೇಲೆ ಹೋಗಿ ಕೆಳಗೆ ಬಂತು.
ಅಷ್ಟೇ. ಅದಕ್ಕಿಂತ ಹೆಚ್ಚು ಏನೂ ಆಗಲಿಲ್ಲ.

ಫೋನು. ಮುಂಬಯಿಯಿಂದ ಅಕ್ಕ: ಅಲ್ಲಿ ಎಂತ ಗಲಾಟೆಯಂತೆ?
ಎಂತದೂ ಇಲ್ಲ ಅಂದೆ.
ಟಿವಿಯಲ್ಲಿ ಉಂಟಲ್ಲ, ನೀನು ಸುಳ್ಳು ಹೇಳಬೇಡ.
ಅವನ ಫೋನು. ಹೆಂಡತಿ. ಬ್ಯಾರಿ ಭಾಷೆಯಲ್ಲಿ ಅದೇ ಪ್ರಶ್ನೆ.
ಇನ್ನೊಂದು ಬದಿ ಹಾಗೆಯೇ ಬಿಟ್ಟು, ನೊರೆ ಒರೆಸಿಕೊಂಡು,
ಟವೆಲು ನೀಟಾಗಿ ಮಡಚಿಟ್ಟು
ದುಡ್ಡು ಪೂರ್ತಿ ಕೊಟ್ಟು ಹೋದ.

ಲೋಲಾಕ್ಷಿ ಬಸಳೆ ಎತ್ತಿದಳು. ಮೆಡಿಕಲ್‌ನವ ಶಟರ್ ಎಳೆದ,
ಅವನನ್ನು ನೋಡಿ ಬೇಕರಿಯವ, ಬೇಕರಿಯವನನ್ನು ನೋಡಿ ನಾನು.
ಪೂರ್ತಿ ಎಳೆದು ಒಳಗೆ ಲೈಟು ಹಾಕದೆ ಕೂತೆ.
ಗಂಟೆ ಕಳೆದ ಮೇಲೆ ಕ್ಯಾಮರಾದ ಹುಡುಗ
ಬೈಕಿನಲ್ಲಿ ಬಂದು ನಮ್ಮ ಸಾಲನ್ನು ಹಿಡಿದುಕೊಂಡು ಹೋದನಂತೆ.
ಸಂಜೆ ಕನ್ನಡಿಯಲ್ಲಿ ಕಂಡಿತು, ನನ್ನದೇ ಶಟರ್, ನನ್ನದೇ ಬೋರ್ಡು.
ಮುಚ್ಚಿದ ಅಂಗಡಿಗಳೇ ಪರಿಸ್ಥಿತಿಗೆ ಸಾಕ್ಷಿ, ಅಂದಳು ಹುಡುಗಿ.
ಒಳಗೆ ಕೂತ ನಾನು ಅದರಲ್ಲಿ ಕಾಣುವುದಿಲ್ಲ.

ಗುರುವಾರದ ಪೇಪರಿನ ಐದನೇ ಪುಟ,
ಬಂಗಾರದ ಜಾಹೀರಾತಿನ ಕೆಳಗೆ ಮೂರು ಸಾಲು:
ಗಾಳಿಸುದ್ದಿ. ನಗರ ಶಾಂತ.
ಶುಕ್ರವಾರ ಅದನ್ನೂ ಮಡಚಿದೆ, ಸೀಳಿದೆ.
ಆ ತುಂಡೊಂದನ್ನು ಮಾತ್ರ ಡ್ರಾಯರಿನಲ್ಲಿಟ್ಟೆ,
ಹಸನಬ್ಬನಿಗೆ ತೋರಿಸಲಿಕ್ಕೆ.

ಹದಿನೈದು ದಿನಕ್ಕೊಮ್ಮೆ ಬರುವವ. ಇವತ್ತಿಗೆ ಹದಿನೇಳು.
ಬಂದರಿನಲ್ಲಿ ಕೆಲಸ ಜಾಸ್ತಿ ಇರಬಹುದು.
ಅರ್ಧ ಗೆರೆ ಇಟ್ಟುಕೊಂಡು ಎಷ್ಟು ದಿನ ತಿರುಗುತ್ತಾನೆ?
ಊರಲ್ಲಿ ಬೇರೆ ಸೆಲೂನು ಉಂಟು, ಗೊತ್ತು.
ಟಿವಿಯ ದನಿ ಇಳಿಸಿದ್ದೇನೆ.
ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾದರೆ
ಈಗೀಗ ಕನ್ನಡಿಯಲ್ಲಲ್ಲ,
ಕತ್ತಿ ಎತ್ತಿ ಹಿಡಿದು, ತಿರುಗಿಯೇ ನೋಡುತ್ತೇನೆ.